ತಪ್ಪಾಯಿತು ಎಂಬ ಮಾತು

ನಮ್ಮ ಕೂಟದ ಸಂಕ್ರಾಂತಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದೆ. ಹಿರಿಯ ಸದಸ್ಯರೊಬ್ಬರು ಪಕ್ಕಕ್ಕೆ ಕರೆದು, ಸ್ವರ ತಗ್ಗಿಸಿ, "ನಿಮ್ಮ ತಾಯಿಯವರ ವಿಷಯದಲ್ಲಿ ಆಸ್ಪತ್ರೆಯ ಮೇಲೆ ಕೇಸು ಹಾಕಿದ್ದಿರಂತೆ. ವಕೀಲರ ಹೆಸರು ಹೇಳುತ್ತೀರಾ?" ಎಂದು ಕೇಳಿದರು. ಅವರ ಮನೆಯಲ್ಲಿಯೂ ಏನೋ ಆಗಿತ್ತು. ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. "ಕೇಸು ಹಾಕಲಿಲ್ಲ, ಸರ್. ಆದರೆ ಅದು ಇತ್ಯರ್ಥವಾಯಿತು" ಎಂದೆ. ಈ ಎರಡು ವಾಕ್ಯಗಳ ನಡುವೆ ಏನಿದೆ ಎಂಬುದನ್ನು ಹೋಳಿಗೆಯ ತಟ್ಟೆ ಹಿಡಿದುಕೊಂಡು ವಿವರಿಸುವುದು ಸಾಧ್ಯವಾಗಲಿಲ್ಲ. ಈ ಬರಹ ಅವರಿಗಾಗಿ, ಮತ್ತು ಊರಿನಿಂದ ತಂದೆತಾಯಿಯರನ್ನು ಕರೆಸಿಕೊಳ್ಳುವ ನಮ್ಮೆಲ್ಲರಿಗಾಗಿ. ನಾನು ವಕೀಲನಲ್ಲ, ಪೆಟ್ಟು ತಿಂದ ಮೇಲೆ ಓದಿ ತಿಳಿದುಕೊಂಡವನು ಅಷ್ಟೆ.

2022ರ ಅಕ್ಟೋಬರ್‌. ಅಮ್ಮ ಸಾಗರದಿಂದ ಬಂದು ಎರಡು ತಿಂಗಳಾಗಿತ್ತು. ಕಾಲಿಗೆ ಆದ ಸಣ್ಣ ಗಾಯ ಕೀವಾಗಿ, ಮೊಣಕಾಲಿನವರೆಗೆ ಊತವೇರಿ, ಚಳಿಜ್ವರ ಬಂದಾಗ ರಾತ್ರಿಯೇ ಎಮರ್ಜೆನ್ಸಿಗೆ ಕರೆದೊಯ್ದೆ. ಅಲ್ಲಿನ ನರ್ಸ್ ಮೊದಲು ಕೇಳಿದ್ದು, ದುಭಾಷಿ ಬೇಕೇ ಎಂದು. "ಬೇಡ, ನಾನಿದ್ದೇನಲ್ಲ" ಎಂದೆ. ಆ ಉತ್ತರದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ಈಗ ಅನ್ನಿಸುತ್ತದೆ. ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಅಲರ್ಜಿ ಇದೆಯೇ ಎಂಬ ಪ್ರಶ್ನೆ ಬಂದಾಗ ಅಮ್ಮ, ಚಳಿಯಲ್ಲಿ ನಡುಗುತ್ತಲೇ, "ಅಪ್ಪಿ, ಸೂಜಿ ನಂಗೆ ಆಗಿಬರಲ್ಲ ಅಂತ ಹೇಳು" ಅಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದ್ದು, ಅಮ್ಮನಿಗೆ ಸೂಜಿಯೆಂದರೆ ಭಯ ಎಂದು. ನರ್ಸ್ ನಕ್ಕು, ಅದು ಯಾರಿಗೆ ಇಷ್ಟ ಎಂದರು. ಅಲರ್ಜಿಯ ಕಾಲಂನಲ್ಲಿ 'ತಿಳಿದಂತೆ ಯಾವುದೂ ಇಲ್ಲ' ಎಂದು ದಾಖಲಾಯಿತು.

ಆಗಿಬರುವುದಿಲ್ಲ. ನಮ್ಮ ಕಡೆ ಬದನೆಕಾಯಿ ಆಗಿಬರುವುದಿಲ್ಲ, ಸೊಸೆ ಆಗಿಬರುವುದಿಲ್ಲ, ಪೂರ್ವದಿಕ್ಕಿನ ಬಾಗಿಲು ಆಗಿಬರುವುದಿಲ್ಲ. ಆ ಒಂದು ಮಾತಿನೊಳಗೆ ಮೂವತ್ತು ವರ್ಷದ ಹಿಂದೆ ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟಾಗ ಅಮ್ಮನ ಗಂಟಲು ಕಟ್ಟಿಹೋದ ಕಥೆ ಅಡಗಿದೆಯೆಂದು ನನಗೆ ಹೊಳೆಯಲಿಲ್ಲ. ಆಗ ನಾನು ಹಾಸ್ಟೆಲಿನಲ್ಲಿದ್ದೆ. ನನಗೆ ಯಾರೂ ಹೇಳಿರಲಿಲ್ಲ.

ಮರುದಿನ ನಾನು ಮನೆಗೆ ಹೋಗಿದ್ದಾಗ, ವಾರ್ಡಿನ ಇನ್ನೊಬ್ಬ ನರ್ಸ್ ವಿಡಿಯೊ ಪರದೆಯಲ್ಲಿ ಕನ್ನಡದ ದುಭಾಷಿಯನ್ನು ಕರೆಸಿ ನಿಧಾನವಾಗಿ ಎಲ್ಲವನ್ನೂ ಮತ್ತೊಮ್ಮೆ ಕೇಳಿದ್ದಾರೆ. ಅಮ್ಮ ಆ ಕಥೆಯನ್ನು ಪೂರ್ತಿಯಾಗಿ ಹೇಳಿದ್ದಾಳೆ. ನರ್ಸ್ ಅದನ್ನು ತಮ್ಮ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾರೆ. ಆದರೆ ಅಲರ್ಜಿಯ ಪಟ್ಟಿಗೆ ಸೇರಿಸಲಿಲ್ಲ. ಔಷಧಾಲಯದ ಕಂಪ್ಯೂಟರು ಎಚ್ಚರಿಕೆ ಕೊಡುವುದು ಪಟ್ಟಿಯನ್ನು ನೋಡಿ. ಟಿಪ್ಪಣಿಯನ್ನು ಅದು ಓದುವುದಿಲ್ಲ. ಮೂರನೆಯ ದಿನ ವೈದ್ಯರು ಔಷಧಿ ಬದಲಿಸಿದರು. ಅದು ಪೆನ್ಸಿಲಿನ್ ಜಾತಿಯದು. ಹತ್ತು ನಿಮಿಷದೊಳಗೆ ಅಮ್ಮನ ಮೈ ಕೆಂಪಾಯಿತು, ಉಸಿರು ಸಿಕ್ಕಿಕೊಂಡಿತು, ರಕ್ತದೊತ್ತಡ ಕುಸಿಯಿತು. ಐದು ದಿನ ಐಸಿಯುವಿನಲ್ಲಿ, ಅದರಲ್ಲಿ ಎರಡು ದಿನ ಉಸಿರಾಟದ ಯಂತ್ರದ ಮೇಲೆ. ಬದುಕಿದಳು. ಧ್ವನಿ ಮಾತ್ರ ಮೊದಲಿನಂತಾಗಲಿಲ್ಲ. ಹಾಡುತ್ತಿದ್ದವಳು ಈಗ ಹಾಡುವುದಿಲ್ಲ. ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿದೆ.

ಗಂಟಲಿನ ನಳಿಕೆ ತೆಗೆದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ: "ನಾನು ಹೇಳಿದ್ದೆನಲ್ಲ, ಅದು ಎಲ್ಲಿ ಹೋಯ್ತು?"

ಉತ್ತರ ಹುಡುಕುವ ದಾರಿ ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯ ರೋಗಿ ಸಂಪರ್ಕ ವಿಭಾಗಕ್ಕೆ ಪತ್ರ ಬರೆದೆ. ಮೂರು ವಾರಕ್ಕೆ ಉತ್ತರ ಬಂತು: ನಿಮ್ಮ ತಾಯಿಯವರಿಗೆ ಆದ ಅನುಭವಕ್ಕಾಗಿ ವಿಷಾದಿಸುತ್ತೇವೆ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಹೋಟೆಲಿನಲ್ಲಿ ಸಾಂಬಾರು ತಣ್ಣಗಿತ್ತೆಂದು ದೂರಿದರೂ ಇದೇ ಒಕ್ಕಣೆ ಬರುತ್ತದೆ. ಅದರ ಜೊತೆಗೇ, ಬೇರೆ ಲಕೋಟೆಯಲ್ಲಿ, ಆರಂಕಿಯ ಬಿಲ್ಲು. ಅಮ್ಮನಿಗೆ ಮಾಡಿಸಿದ್ದ ಪ್ರವಾಸಿ ವಿಮೆ ಅದರ ಒಂದು ಮೂಲೆಯನ್ನಷ್ಟೇ ಮುಟ್ಟಿತು.

ಆಗ ವಕೀಲರನ್ನು ಹುಡುಕಿದೆ. ಮೂವರು, ಒಬ್ಬರಾದ ಮೇಲೊಬ್ಬರು, ಬಹಳ ಸೌಜನ್ಯದಿಂದ ಕೇಳಿ, ಬಹಳ ಸೌಜನ್ಯದಿಂದ ನಿರಾಕರಿಸಿದರು. ಮೂರನೆಯವರು ಕಾರಣವನ್ನೂ ಹೇಳಿದರು. ಅದಕ್ಕಾಗಿ ಅವರಿಗೆ ನಾನು ಋಣಿ. ನಿಮ್ಮ ತಾಯಿ ಸಂಬಳ ತರುವವರಲ್ಲ, ಎಂದರು ಅವರು. ಆದ್ದರಿಂದ ದುಡಿಮೆಯ ನಷ್ಟವೆಂಬುದಿಲ್ಲ. ಉಳಿದದ್ದು ನೋವು, ಸಂಕಟ, ಕಳೆದುಹೋದ ಧ್ವನಿ. ಅದಕ್ಕೆ ಈ ರಾಜ್ಯದಲ್ಲಿ ಕಾನೂನೇ ಒಂದು ಬೆಲೆ ಕಟ್ಟಿದೆ.

ಆ ಬೆಲೆಯ ಹಿಂದಿನ ಕಥೆ ನಮ್ಮ ಈ ಕೊಲ್ಲಿ ಪ್ರದೇಶದಿಂದಲೇ ಶುರುವಾಗುತ್ತದೆ. 1975ರ ಮೇ ತಿಂಗಳಲ್ಲಿ, ನಿರ್ಲಕ್ಷ್ಯ ವಿಮೆಯ ಕಂತು ಏಕಾಏಕಿ ಏರಿದಾಗ, ಇಲ್ಲಿನ ಅರಿವಳಿಕೆ ತಜ್ಞರು ಕೆಲಸ ನಿಲ್ಲಿಸಿದರು. ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಗವರ್ನರ್ ಜೆರ್ರಿ ಬ್ರೌನ್ ವಿಶೇಷ ಅಧಿವೇಶನ ಕರೆದು, ಅದೇ ವರ್ಷ 'ಮೈಕ್ರಾ' ಎಂದು ಕರೆಯಲ್ಪಡುವ ಕಾಯ್ದೆಗೆ ಸಹಿ ಹಾಕಿದರು. ಚಿಕಿತ್ಸೆಯ ಖರ್ಚಿಗೆ, ಸಂಬಳದ ನಷ್ಟಕ್ಕೆ ಮಿತಿಯಿಲ್ಲ. ಆದರೆ ನೋವು ಮತ್ತು ದುಃಖಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಹೆಚ್ಚು ಕೊಡುವಂತಿಲ್ಲ. ಆ ಅಂಕಿ ನಲವತ್ತೇಳು ವರ್ಷ ಅಲುಗಲಿಲ್ಲ. ಬೆಲೆಯೇರಿಕೆ ಅದನ್ನು ಒಳಗಿನಿಂದಲೇ ತಿಂದುಹಾಕಿತು. ತಜ್ಞ ಸಾಕ್ಷಿಗಳಿಗೆ ಸಲ್ಲಿಸಬೇಕಾದ ಹಣವನ್ನು ಮುಂಗಡವಾಗಿ ಹಾಕುವ ವಕೀಲರು, ಗೃಹಿಣಿಯರ, ಮಕ್ಕಳ, ವೃದ್ಧರ ಪ್ರಕರಣಗಳನ್ನು ಮುಟ್ಟಲು ಹಿಂಜರಿಯುವುದು ಇದರಿಂದ. ಗವರ್ನರ್ ನ್ಯೂಸಮ್ 2022ರಲ್ಲಿ ಸಹಿ ಹಾಕಿದ ತಿದ್ದುಪಡಿ 2023ರ ಜನವರಿ 1ರಿಂದ ಜಾರಿಗೆ ಬಂತು. ಅದರಂತೆ ಮಿತಿ ಮೂರೂವರೆ ಲಕ್ಷದಿಂದ, ಸಾವಿನ ಪ್ರಕರಣಗಳಲ್ಲಿ ಐದು ಲಕ್ಷದಿಂದ ಆರಂಭವಾಗಿ, ಹತ್ತು ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏಳೂವರೆ ಲಕ್ಷಕ್ಕೆ ಮತ್ತು ಹತ್ತು ಲಕ್ಷಕ್ಕೆ ಏರುತ್ತದೆ. ಇದು ಆದ ಮೇಲೂ ಆ ವಕೀಲರ ಲೆಕ್ಕ ಬದಲಾಗಲಿಲ್ಲ.

ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕೂಟದ ಅರ್ಧದಷ್ಟು ಕುಟುಂಬಗಳಲ್ಲಿ ಒಬ್ಬರಾದರೂ ವೈದ್ಯರಿದ್ದಾರೆ. 2017ರ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯನ್ನು ವಿರೋಧಿಸಿ ಕರ್ನಾಟಕದ ಖಾಸಗಿ ವೈದ್ಯರು ಮುಷ್ಕರ ಹೂಡಿದಾಗ ಊರಿನಲ್ಲಿ ಏನಾಯಿತೆಂಬುದು ಹಲವರಿಗೆ ನೆನಪಿರಬಹುದು. ಇಲ್ಲಿ ವಿಮೆಯ ಕಂತು, ಅಲ್ಲಿ ಜೈಲಿನ ಭಯ. ಭಯಪಟ್ಟ ವೈದ್ಯ ಬಾಯಿ ಬಿಡುವುದಿಲ್ಲ, ಬಾಯಿ ಬಿಡದ ವೈದ್ಯನ ಮೇಲೆ ರೋಗಿಗೆ ಅನುಮಾನ, ಅನುಮಾನದಿಂದ ಮೊಕದ್ದಮೆ.

ಮೂರನೆಯ ವಕೀಲರು ಇನ್ನೊಂದು ಹೆಸರನ್ನೂ ಹೇಳಿದರು: ಎಂಗಾಲಾ. ಅಮ್ಮನ ವಿಷಯಕ್ಕೂ ಆ ಪ್ರಕರಣದ ಸಂಸ್ಥೆಗೂ ಯಾವ ಸಂಬಂಧವೂ ಇಲ್ಲ. ಆದರೆ ಆ ರಾತ್ರಿ ತೀರ್ಪನ್ನು ಓದಲು ಕುಳಿತವನು ಬೆಳಗಿನ ಜಾವದವರೆಗೆ ಏಳಲಿಲ್ಲ. ವಿಲ್ಫ್ರೆಡೊ ಎಂಗಾಲಾ ಫಿಲಿಪ್ಪೀನ್ಸಿನಿಂದ ಸಂಸಾರ ಸಮೇತ ವಲಸೆ ಬಂದವರು. ನಮ್ಮ ಹಾಗೆಯೇ ನೌಕರಿಯ ಮೂಲಕ ಆರೋಗ್ಯ ಯೋಜನೆಗೆ ಸೇರಿದರು. ಅದು ಓಕ್‌ಲ್ಯಾಂಡಿನಲ್ಲಿ ಕೇಂದ್ರ ಕಚೇರಿಯುಳ್ಳ ಕೈಸರ್. ವರ್ಷಗಳ ಕಾಲ ಕೆಮ್ಮು, ಉಸಿರಾಟದ ತೊಂದರೆಯೆಂದು ತೋರಿಸಿಕೊಂಡವರಿಗೆ 1991ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯಿತು. ಅಷ್ಟು ಹೊತ್ತಿಗೆ ಶಸ್ತ್ರಚಿಕಿತ್ಸೆಗೆ ಕಾಲ ಮೀರಿತ್ತು. ಸದಸ್ಯತ್ವದ ಒಪ್ಪಂದದ ಪ್ರಕಾರ ಅವರು ಕೋರ್ಟಿಗೆ ಹೋಗುವಂತಿರಲಿಲ್ಲ. ಆರ್ಬಿಟ್ರೇಷನ್, ಅಂದರೆ ಎರಡೂ ಕಡೆಯವರು ಒಪ್ಪಿದ ಪಂಚರ ಮುಂದೆಯೇ ಹೋಗಬೇಕು. ಅರವತ್ತು ದಿನಗಳೊಳಗೆ ತಟಸ್ಥ ಪಂಚರ ನೇಮಕವೆಂದು ಒಪ್ಪಂದದಲ್ಲಿ ಬರೆದಿತ್ತು. ಮೇ ಕೊನೆಯಲ್ಲಿ ಅರ್ಜಿ ಹೋಯಿತು. ಸಾಯುತ್ತಿರುವ ಮನುಷ್ಯ, ಬೇಗ ಮಾಡಿ ಎಂದು ಅವರ ವಕೀಲರು ಮತ್ತೆ ಮತ್ತೆ ಬರೆದರು. ತಟಸ್ಥ ಪಂಚರು ಯಾರೆಂಬುದರ ಬಗ್ಗೆ ಒಪ್ಪಿಗೆಯಾದದ್ದು ಅಕ್ಟೋಬರ್ 22ರಂದು. ಎಂಗಾಲಾ ತೀರಿಕೊಂಡದ್ದು ಅಕ್ಟೋಬರ್ 23ರಂದು.

ಕುಟುಂಬ ಬಿಡಲಿಲ್ಲ. ಪ್ರಕರಣ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1997ರಲ್ಲಿ ತೀರ್ಪು ಬಂತು. ಅರವತ್ತು ದಿನಗಳಲ್ಲಿ ಪಂಚರ ನೇಮಕ ಆಗುತ್ತಿದ್ದದ್ದು ನೂರರಲ್ಲಿ ಒಂದು ಪ್ರಕರಣದಲ್ಲಿ. ಸರಾಸರಿ ಹಿಡಿಯುತ್ತಿದ್ದದ್ದು 674 ದಿನ. ಕೈಸರ್‌ನ ದಾಖಲೆಗಳಿಂದಲೇ ಹೊರಬಿದ್ದ ಅಂಕಿಗಳಿವು. ರೋಗಿ ಬದುಕಿರುವಾಗ ವಿಚಾರಣೆ ನಡೆದರೆ ಆತನದೊಂದು, ಹೆಂಡತಿಯದೊಂದು ಎಂದು ಎರಡು ಬೇಡಿಕೆಗಳಿರುತ್ತಿದ್ದವು. ಸತ್ತರೆ ಅವು ಒಂದೇ ಮಿತಿಯೊಳಗೆ ಬಂದು ಸೇರುತ್ತಿದ್ದವು. ವಿಳಂಬದಿಂದ ಯಾರಿಗೆ ಲಾಭವೆಂದು ಬಿಡಿಸಿ ಹೇಳಬೇಕಿಲ್ಲ. ವಂಚನೆ ನಡೆದಿದೆಯೆಂದು ನ್ಯಾಯಾಲಯ ತಾನೇ ತೀರ್ಮಾನಿಸಲಿಲ್ಲ. ಅದನ್ನು ವಿಚಾರಿಸಲು ಸಾಕಷ್ಟು ಆಧಾರವಿದೆಯೆಂದು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿತು. ಆ ಬಳಿಕ ಕೈಸರ್ ತಾನೇ ನಡೆಸುತ್ತಿದ್ದ ಪಂಚಾಯಿತಿಯ ಆಡಳಿತವನ್ನು ಹೊರಗಿನವರಿಗೆ ಒಪ್ಪಿಸಬೇಕಾಯಿತು. 1999ರಿಂದ ಸ್ವತಂತ್ರ ಆಡಳಿತಾಧಿಕಾರಿಯ ಕಚೇರಿಯೊಂದು ಗಡುವುಗಳನ್ನು ನೋಡಿಕೊಳ್ಳುತ್ತಿದೆ, ವರ್ಷವರ್ಷವೂ ಲೆಕ್ಕ ಪ್ರಕಟಿಸುತ್ತಿದೆ. ನಮ್ಮಲ್ಲಿ ಎಷ್ಟೋ ಕುಟುಂಬಗಳು ಇಂಥ ಷರತ್ತಿಗೆ ಸಹಿ ಹಾಕಿವೆ. ಮಿಕ್ಕ ಕಾಗದಗಳ ನಡುವೆ ಹಾಕಿದ ಸಹಿ ಅದು, ನೆನಪಿರುವುದಿಲ್ಲ.

ಎಂಗಾಲಾ ಅವರ ಕಥೆ ನನಗೆ ಕಾಲದ ಭಯ ಹುಟ್ಟಿಸಿತು. ಈ ರಾಜ್ಯದಲ್ಲಿ ಹಾನಿ ನಿರ್ಲಕ್ಷ್ಯದಿಂದ ಆಗಿದೆಯೆಂದು ತಿಳಿದ, ಅಥವಾ ತಿಳಿಯಬೇಕಿದ್ದ, ದಿನದಿಂದ ಒಂದು ವರ್ಷ. ಹಾನಿಯಾದ ದಿನದಿಂದ ಮೂರು ವರ್ಷ. ಇವೆರಡರಲ್ಲಿ ಯಾವುದು ಮೊದಲೋ ಅಷ್ಟರೊಳಗೆ ದಾವೆ ಹೂಡಬೇಕು. ಅದಕ್ಕೂ 90 ದಿನ ಮುಂಚೆ ವೈದ್ಯರಿಗೆ ಅಥವಾ ಆಸ್ಪತ್ರೆಗೆ ನೋಟಿಸು ಕೊಡಬೇಕು. ಆಸ್ಪತ್ರೆಯವರು ಸೌಜನ್ಯದಿಂದ ಪತ್ರ ಬರೆಯುತ್ತಿದ್ದಾರೆಂದು ಗಡಿಯಾರ ನಿಲ್ಲುವುದಿಲ್ಲ. ವಿಷಾದದ ಪತ್ರಗಳಲ್ಲಿ ವರ್ಷ ಕಳೆದುಕೊಂಡವರ ಕಥೆಯನ್ನು ಆಮೇಲೆ ಕೇಳಿದ್ದೇನೆ.

ಅಮ್ಮನ ದಾಖಲೆಗಳನ್ನು ತರಿಸಿದೆ. ಅವು ರೋಗಿಯ ಹಕ್ಕು; ಲಿಖಿತವಾಗಿ ಕೇಳಿದರೆ ಹದಿನೈದು ದಿನದಲ್ಲಿ ಪ್ರತಿ ಕೊಡಬೇಕೆಂದು ರಾಜ್ಯದ ಕಾನೂನಿದೆ. ನಾನೂರು ಪುಟ. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಓದುತ್ತಾ ಹೋದಾಗ, ಮೊದಲ ರಾತ್ರಿಯ ಪುಟದಲ್ಲಿ ಒಂದು ಸಾಲು ಸಿಕ್ಕಿತು: ದುಭಾಷಿ ಬೇಡವೆಂದರು, ಮಗನೇ ಅನುವಾದಿಸಿದರು. ಅದರ ಕೆಳಗೆ, ಅಲರ್ಜಿ ಇಲ್ಲ.

ಆ ಸಾಲನ್ನು ನನ್ನ ಹೆಂಡತಿಗೂ ತೋರಿಸದೆ ಎರಡು ದಿನ ಇಟ್ಟುಕೊಂಡೆ. ಆಸ್ಪತ್ರೆ ಬಾಯಿ ಬಿಡುತ್ತಿಲ್ಲವೆಂದು ಕೋಪಗೊಂಡಿದ್ದವನು ನಾನು. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಅರ್ಹ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕೆಂಬ ಕಾನೂನು ಯಾಕಿದೆಯೆಂದು ಆಗ ಅರ್ಥವಾಯಿತು. 1980ರಲ್ಲಿ ಫ್ಲಾರಿಡಾದಲ್ಲಿ ವಿಲ್ಲಿ ರಾಮಿರೆಜ್ ಎಂಬ ಹದಿನೆಂಟರ ಹುಡುಗನ ಮನೆಯವರು ಸ್ಪ್ಯಾನಿಷಿನಲ್ಲಿ 'ಇನ್ಟಾಕ್ಸಿಕಾದೊ' ಎಂದದ್ದು, ಅಂದರೆ ತಿಂದದ್ದು ವಿಷವಾಗಿದೆ ಎಂದದ್ದು, ಮಾದಕವಸ್ತು ಸೇವನೆಯೆಂದು ದಾಖಲಾಯಿತು. ಮಿದುಳಿನ ರಕ್ತಸ್ರಾವ ತಡವಾಗಿ ಪತ್ತೆಯಾಯಿತು. ಹುಡುಗನ ಕೈಕಾಲು ಶಾಶ್ವತವಾಗಿ ಬಿದ್ದುಹೋದವು. ಕೋಟ್ಯಂತರ ಡಾಲರಿನ ಪರಿಹಾರಕ್ಕೆ ಒಪ್ಪಂದವಾಯಿತು. ಒಂದು ಶಬ್ದ.

ದಾಖಲೆಯ ಎರಡು ಪುಟಗಳನ್ನು, ಮೊದಲ ರಾತ್ರಿಯದನ್ನೂ ಮರುದಿನದ ನರ್ಸ್ ಟಿಪ್ಪಣಿಯನ್ನೂ ಪಕ್ಕಪಕ್ಕ ಇಟ್ಟು, ನನ್ನ ಪಾಲನ್ನು ಮುಚ್ಚಿಡದೆ, ಆಸ್ಪತ್ರೆಯ ಅಪಾಯ ನಿರ್ವಹಣಾ ವಿಭಾಗಕ್ಕೆ ನೇರವಾಗಿ ಬರೆದೆ. ಅಮ್ಮನ ಪ್ರಶ್ನೆಯನ್ನು ಕನ್ನಡದಲ್ಲೇ ಬರೆದು ಕೆಳಗೆ ಅದರ ಅರ್ಥ ಕೊಟ್ಟೆ. ಹತ್ತು ದಿನದಲ್ಲಿ ಫೋನು ಬಂತು. ಮೊಕದ್ದಮೆಗೆ ಮುಂಚೆಯೇ ಸಂಧಾನಕಾರರೊಬ್ಬರ ಮುಂದೆ ಕೂರೋಣವೇ ಎಂದು ಕೇಳಿದರು. ತಪ್ಪಾದಾಗ ಮುಚ್ಚಿಡದೆ ಹೇಳಿ, ತನಿಖೆ ಮಾಡಿ, ತಪ್ಪು ತಮ್ಮದಾದರೆ ತಾವಾಗಿಯೇ ಪರಿಹಾರ ಕೊಡುವ ಪದ್ಧತಿಯನ್ನು ಮಿಚಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆ 2001ರಿಂದ ನಡೆಸಿಕೊಂಡು ಬಂದಿದೆ. ಅಲ್ಲಿ ಮೊಕದ್ದಮೆಗಳು ಹೆಚ್ಚಲಿಲ್ಲ, ಕಡಿಮೆಯಾದವು. ನಮ್ಮ ಸ್ಟ್ಯಾನ್‌ಫರ್ಡ್‌ನಲ್ಲೂ ಇಂಥದೊಂದು ಕಾರ್ಯಕ್ರಮವಿದೆ. ನಮ್ಮನ್ನು ಕರೆದ ಆಸ್ಪತ್ರೆ ಯಾವುದೆಂದು ಬರೆಯುವಂತಿಲ್ಲ.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಹೇಳಬೇಕು. ಇದೇ ಈ ಬರಹಕ್ಕೆ ನನ್ನನ್ನು ಕೂರಿಸಿದ್ದು. 2001ರಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯಾದ ಸಾಕ್ಷ್ಯ ಸಂಹಿತೆಯ ಒಂದು ಕಲಮಿನ ಪ್ರಕಾರ, ಅಪಘಾತದ ಬಳಿಕ ಒಬ್ಬರು ಸಂತಾಪ ಸೂಚಿಸಿದರೆ ಅದನ್ನು ಅವರ ವಿರುದ್ಧ ಬಳಸುವಂತಿಲ್ಲ. ಆದರೆ ತಪ್ಪು ನಮ್ಮದು ಎಂದರೆ ಬಳಸಬಹುದು. ಅಂದರೆ ದುಃಖಕ್ಕೆ ರಕ್ಷಣೆಯುಂಟು, ತಪ್ಪೊಪ್ಪಿಗೆಗೆ ಇಲ್ಲ. ನನಗೆ ಬಂದ ಆ ತಣ್ಣನೆಯ ಪತ್ರಗಳೆಲ್ಲ ಈ ಗೆರೆಯ ಈಚೆ ನಿಂತು ಬರೆದವು. ಇಂಗ್ಲಿಷಿನ 'ಸಾರಿ' ಈ ಗೆರೆಯ ಎರಡೂ ಕಡೆ ಕಾಲಿಟ್ಟು ನಿಲ್ಲಬಲ್ಲದು. ಕನ್ನಡದಲ್ಲಿ ಅದು ಆಗುವುದಿಲ್ಲ. ನಮ್ಮಲ್ಲಿ ಕ್ಷಮೆ ಕೇಳುವ ಮಾತೇ 'ತಪ್ಪಾಯಿತು'. ತಪ್ಪೆಂಬ ಶಬ್ದವನ್ನು ನಾಲಿಗೆಯ ಮೇಲೆ ತರದೆ ಕ್ಷಮೆ ಕೇಳಲು ನಮ್ಮಮ್ಮನ ಭಾಷೆಯಲ್ಲಿ ದಾರಿಯಿಲ್ಲ. 'ಬೇಜಾರಾಯಿತು' ಎಂದರೆ ಅದು ಬೇರೆ. 2023ರ ತಿದ್ದುಪಡಿ ಪರಿಹಾರದ ಮಿತಿಯನ್ನಷ್ಟೇ ಏರಿಸಲಿಲ್ಲ. ದಾವೆಗೆ ಮುಂಚೆ ವೈದ್ಯರು ರೋಗಿಗೆ ಆಡುವ ಸಂತಾಪದ ಮಾತಿಗೆ ಮಾತ್ರವಲ್ಲ, ತಪ್ಪು ಒಪ್ಪಿಕೊಳ್ಳುವ ಮಾತಿಗೂ ಅದು ಗೋಪ್ಯತೆಯ ರಕ್ಷಣೆ ಕೊಟ್ಟಿತು. ಪತ್ರಿಕೆಗಳೆಲ್ಲ ಡಾಲರಿನ ಅಂಕಿಯನ್ನು ಬರೆದವು. ನನ್ನ ಮಟ್ಟಿಗೆ ಆ ಕಾನೂನಿನ ತಿರುಳು ಇದು.

ನಾವು ಕುಳಿತದ್ದು 2023ರ ಮಾರ್ಚಿನಲ್ಲಿ. ಈ ಸಲ ದುಭಾಷಿ ಬೇಕೆಂದು ನಾನೇ ಕೇಳಿದೆ. ಅಮ್ಮ ಇಳಕಲ್ ಸೀರೆ ಉಟ್ಟು, ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು, ಮದುವೆಯ ಮಾತುಕತೆಗೆ ಹೊರಟವಳಂತೆ ಬಂದಳು. ಪರದೆಯಲ್ಲಿ ಕಾಣಿಸಿಕೊಂಡ ದುಭಾಷಿ ಹೆಣ್ಣುಮಗಳ ಮಾತು ಧಾರವಾಡದ್ದು. "ಅಮ್ಮಾರ, ನೀವು ಸಾವಕಾಶ ಹೇಳ್ರಿ" ಎಂದು ಅವರು ಹೇಳಿದಾಗ ಅಮ್ಮನ ಭುಜ ಸಡಿಲವಾದದ್ದನ್ನು ನೋಡಿದೆ. ಎದುರು ಕುಳಿತವರು ಆಡಿದ ಮಾತುಗಳನ್ನು ಬರೆಯಲು ನನಗೆ ಅಧಿಕಾರವಿಲ್ಲ. ಮಾತು ಆ ಕೋಣೆಯದು ಎಂಬ ಷರತ್ತಿಗೆ ಸಹಿ ಹಾಕಿದ್ದೇವೆ. ಅಮ್ಮನ ಮಾತುಗಳನ್ನು ಬರೆಯಬಹುದು. ಮೊದಲ ಅರ್ಧ ಗಂಟೆಯ ಬಳಿಕ ಅವಳು, "ಬೇಜಾರು ನಂಗೂ ಆಗಿದೆ. ಅದನ್ನ ಕೇಳಕ್ಕೆ ಬಂದಿದ್ದಲ್ಲ" ಎಂದಳು. ಆಮೇಲೆ ಅದೇ ಹಳೆಯ ಪ್ರಶ್ನೆ: "ನಾನು ಹೇಳಿದ್ದು ಎಲ್ಲಿ ಹೋಯ್ತು?" ಉತ್ತರ ಬಂತು. ಪೂರ್ತಿಯಾಗಿ ಬಂತು. ಪರದೆಯ ಮೇಲಿದ್ದ ಹೆಣ್ಣುಮಗಳು ಅದನ್ನು ಕನ್ನಡಕ್ಕೆ ತಂದು ಹೇಳಿ ಮುಗಿಸಿದಾಗ ಅಮ್ಮ ತಲೆಯಾಡಿಸಿ, ನೀರು ಕುಡಿದಳು.

ಬಿಲ್ಲು ರದ್ದಾಯಿತು. ಸಣ್ಣದಲ್ಲದ, ದೊಡ್ಡದೂ ಅಲ್ಲದ ಒಂದು ಮೊತ್ತ ಬಂತು, ಎಷ್ಟೆಂದು ಹೇಳುವಂತಿಲ್ಲ. ಸಹಿ ಹಾಕುವ ಮುನ್ನ ಆ ಕಾಗದವನ್ನು ಗಂಟೆಯ ಲೆಕ್ಕದಲ್ಲಿ ಹಣ ಪಡೆಯುವ ವಕೀಲರೊಬ್ಬರಿಗೆ ತೋರಿಸಿದೆವು. ಇದನ್ನು ತಪ್ಪಿಸಬೇಡಿ, ಸಹಿಯಾದ ಮೇಲೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ. ಈ ದಾರಿಯಲ್ಲಿ ಸಿಗುವ ಹಣ ಯಾವಾಗಲೂ ನ್ಯಾಯವಾದದ್ದೆಂದು ನಾನು ಹೇಳಲಾರೆ. ಮನೆಯ ದುಡಿಯುವ ಜೀವಕ್ಕೆ, ಹುಟ್ಟುವಾಗಲೇ ಪೆಟ್ಟಾದ ಕೂಸಿಗೆ ಜೀವನಪೂರ್ತಿ ಆರೈಕೆ ಬೇಕಾದಾಗ ಸಂಧಾನದ ಕಾಫಿ ಸಾಲದು. ಅಲ್ಲಿ ಮೊದಲ ದಿನದಿಂದಲೇ ಒಳ್ಳೆಯ ವಕೀಲರು ಬೇಕು. ವೈದ್ಯರ ನಡತೆಯ ಬಗ್ಗೆ ದೂರಿದ್ದರೆ ರಾಜ್ಯದ ವೈದ್ಯಕೀಯ ಮಂಡಳಿ, ಆಸ್ಪತ್ರೆಯ ಬಗ್ಗೆಯಾದರೆ ಸಾರ್ವಜನಿಕ ಆರೋಗ್ಯ ಇಲಾಖೆ. ಅವರು ಹಣ ಕೊಡಿಸುವುದಿಲ್ಲ, ತನಿಖೆ ಮಾಡುತ್ತಾರೆ.

ಊರಿನಲ್ಲಿ ಚಿಕಿತ್ಸೆ ಪಡೆಯುವ ತಂದೆತಾಯಿಯರ ವಿಷಯಕ್ಕೂ ಒಂದೆರಡು ಮಾತು, ಏಕೆಂದರೆ ನಮ್ಮಲ್ಲಿ ಹೆಚ್ಚಿನವರ ಚಿಂತೆ ಅಲ್ಲಿಯದೇ. 1995ರಲ್ಲಿ ವಿ. ಪಿ. ಶಾಂತಾ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಹಣ ಪಡೆದು ನೀಡುವ ಚಿಕಿತ್ಸೆಯೂ ಗ್ರಾಹಕ ಕಾಯ್ದೆಯ ಅಡಿಯಲ್ಲಿ ಸೇವೆಯೇ ಎಂದಿತು. ಅಲ್ಲಿ ದೂರು ಕೊಡಲು ಎರಡು ವರ್ಷಗಳ ಕಾಲಾವಕಾಶ. 2019ರ ಹೊಸ ಕಾಯ್ದೆಯಲ್ಲಿ ಸಂಧಾನಕ್ಕೂ ಅವಕಾಶವಿದೆ. ಅಮೆರಿಕದಲ್ಲಿ ನೆಲೆಸಿದ್ದ ವೈದ್ಯ ಕುನಾಲ್ ಸಾಹಾ ಅವರ ಪತ್ನಿ ಅನುರಾಧಾ, ರಜೆಗೆಂದು ಕೋಲ್ಕತ್ತಕ್ಕೆ ಹೋದಾಗ ಕಾಯಿಲೆ ಬಿದ್ದು, 1998ರಲ್ಲಿ ತೀರಿಕೊಂಡರು. ಸರ್ವೋಚ್ಚ ನ್ಯಾಯಾಲಯ ಸುಮಾರು ಆರು ಕೋಟಿ ರೂಪಾಯಿ ಪರಿಹಾರ ವಿಧಿಸಿದ್ದು 2013ರಲ್ಲಿ. ಹದಿನೈದು ವರ್ಷ, ಅದೂ ಸ್ವತಃ ವೈದ್ಯನಾದವನಿಗೆ.

ಆ ದಿನ ಸಭೆ ಮುಗಿಸಿ 880ರ ಸಂಜೆಯ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ನನಗೆ ಹೇಳಬೇಕಾದದ್ದಿತ್ತು. ಐದು ತಿಂಗಳಿಂದ ಆಸ್ಪತ್ರೆಯಿಂದ ಕೇಳಬಯಸಿದ ಆ ಮಾತನ್ನು ನಾನೇ ಆಡಿರಲಿಲ್ಲ. "ಅಮ್ಮ, ಮೊದಲ ದಿನ ನೀನು ಸೂಜಿ ಆಗಿಬರಲ್ಲ ಅಂದಿದ್ದು ನಂಗೆ ಅರ್ಥ ಆಗಲಿಲ್ಲ. ತಪ್ಪಾಯಿತು" ಎಂದೆ.

ಅವಳು ಕಿಟಕಿಯಿಂದ ಹೊರಗೇ ನೋಡುತ್ತಾ, ಒಡೆದ ಧ್ವನಿಯಲ್ಲಿ, "ಗೊತ್ತು" ಎಂದಳು. ಸ್ವಲ್ಪ ತಡೆದು, "ಎರಡನೇ ದಿನ ಬಂದಿತ್ತಲ್ಲ ಆ ನರ್ಸ್ ಹುಡುಗಿ, ಕೂತ್ಕೊಂಡು ಎಲ್ಲ ಕೇಳಿತ್ತು. ಅವಳ ಕೆಲ್ಸಕ್ಕೆ ಏನೂ ತೊಂದ್ರೆ ಆಗಿಲ್ಲ ತಾನೆ?" ಎಂದು ಕೇಳಿದಳು.